ಪ್ಲಗಿನ್ ಇರುವಾಗ ಈ ಪೆಟ್ಟಿಗೆಗಳೇಕೆ?

ಹಾಸನದ ನನ್ನ ಸ್ಟುಡಿಯೋಗೆ ಬಂದವರೆಲ್ಲ ಕೇಳುವುದು ಒಂದೇ: “ಹಾಡು ಕಂಪ್ಯೂಟರಿನಲ್ಲೇ ಇದೆ, ಅದರೊಳಗೇ ಸದ್ದು ತಿದ್ದುವ ತಂತ್ರಾಂಶಗಳಾದ ಪ್ಲಗಿನ್‌ಗಳಿವೆ. ಅದನ್ನು ವೈರಿನಲ್ಲಿ ಹೊರಗೆ ಕಳುಹಿಸಿ, ಈ ಪೆಟ್ಟಿಗೆಯಿಂದ ಹಾಯಿಸಿ ಮತ್ತೆ ಒಳಗೆ ತರುವುದೇಕೆ?” ಇನ್ನು ಮೇಲೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಪ್ಲಗಿನ್ ಕೆಟ್ಟದ್ದೆಂದು ನಾನು ಎಂದೂ ಹೇಳಿಲ್ಲ. ತಬಲ, ಕೊಳಲು, ಕೀಬೋರ್ಡ್ ಎಲ್ಲವನ್ನೂ ಕಂಪ್ಯೂಟರಿನೊಳಗೇ ಮಿಕ್ಸ್ ಮಾಡುತ್ತೇನೆ. ಹೊರಗೆ ಹೋಗುವುದು ಗಾಯಕರ ದನಿ ಮಾತ್ರ, 1960ರ ದಶಕದ ಎಲ್‌ಎ-2ಎ ಮಾದರಿಯ ಆಪ್ಟಿಕಲ್ ಕಂಪ್ರೆಸರ್‌ಗೆ, ಅಂದರೆ ಜೋರಾದ ಸದ್ದನ್ನು ಬೆಳಕಿನ ನೆರವಿನಿಂದ ತಾನೇ ತಗ್ಗಿಸುವ ಪೆಟ್ಟಿಗೆಗೆ. ದನಿ ಏರಿದಾಗ ಅದರೊಳಗಿನ ಫಲಕ ಬೆಳಗುತ್ತದೆ. ಆ ಬೆಳಕು ಬಿದ್ದು ಫೋಟೋರೆಸಿಸ್ಟರ್ ಎಂಬ ಬೆಳಕಿಗೆ ಸ್ಪಂದಿಸುವ ಬಿಡಿಭಾಗ ಸದ್ದನ್ನು ತಗ್ಗಿಸುತ್ತದೆ. ದನಿ ಇಳಿದ ಮೇಲೆ, ತಗ್ಗಿಸಿದ್ದರಲ್ಲಿ ಅರ್ಧವನ್ನು ಸುಮಾರು 60 ಮಿಲಿಸೆಕೆಂಡಿನಲ್ಲಿ ಬಿಟ್ಟುಕೊಡುತ್ತದೆ, ಉಳಿದದ್ದನ್ನು ಸೆಕೆಂಡುಗಟ್ಟಲೆ ನಿಧಾನವಾಗಿ. ಎಳೆದು ಹಾಡುವ ಭಾವಗೀತೆಗೆ ಈ ನಡೆ ಒಪ್ಪುತ್ತದೆ. ಇದನ್ನು ಅನುಕರಿಸುವ ಒಳ್ಳೆಯ ಪ್ಲಗಿನ್‌ಗಳೂ ಇವೆ, ನಿಜ. ಆದರೆ ಪೆಟ್ಟಿಗೆಯ ಮುಂದೆ, ಕಂಪ್ಯೂಟರ್ ತೆರೆಯ ಮೇಲಿನ ಸದ್ದಿನ ಗೆರೆ ನೋಡಿ ತಿದ್ದಲಾಗದು. ಇರುವ ಎರಡು ಗುಂಡಿಗಳನ್ನು ಕಿವಿ ಹೇಳಿದಷ್ಟು ತಿರುಗಿಸಿ, ಹಾಡನ್ನು ಪೂರ್ತಿ ಕೇಳುತ್ತಾ ಮರಳಿ ರೆಕಾರ್ಡ್ ಮಾಡಿಕೊಳ್ಳಬೇಕು. ಐದು ನಿಮಿಷದ ಹಾಡಿಗೆ ಐದು ನಿಮಿಷ ಬೇಕು. ಅಷ್ಟು ಹೊತ್ತು ನಾನು ಬೇರೇನೂ ಮಾಡುವುದಿಲ್ಲ. ಅದಕ್ಕಾಗಿಯೇ ಇದನ್ನು ಇಟ್ಟುಕೊಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನಿಂದ ಒಬ್ಬ ಯುವಕ ತನ್ನ ತಾಯಿ ಹಾಡಿದ ಸೋಬಾನೆ ಪದಗಳನ್ನು ತಂದಿದ್ದ. “ಸರ್, ಈ ಪೆಟ್ಟಿಗೆಗೆ ಹಾಕಿದರೆ ಎಲ್ಲ ಸರಿಹೋಗುತ್ತದಲ್ಲವೇ?” ಎಂದ. ನನಗೆ ಸಿಟ್ಟು ಬಂದಿದ್ದು ಆ ‘ಎಲ್ಲ’ಕ್ಕೆ. ಟೈಲ್ಸ್ ಹಾಕಿದ ಬರಿದಾದ ಹಾಲಿನಲ್ಲಿ, ಫ್ಯಾನ್ ತಿರುಗುತ್ತಿರುವಾಗ, ದೂರದಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದ. ಡಿಜಿಟಲ್ ರೆಕಾರ್ಡಿಂಗಿನ ಮೇಲ್ಮಿತಿಯಾದ ಸೊನ್ನೆ ಡೆಸಿಬೆಲ್ ಮುಟ್ಟಿ ತಲೆ ಕತ್ತರಿಸಿಹೋದ ಸ್ವರಗಳನ್ನು ಯಾವ ಕಂಪ್ರೆಸರ್ ಮರಳಿ ಕೊಡುತ್ತದೆ? ಮೇಲಿನದನ್ನು ಅದುಮಿ ಒಟ್ಟು ಮಟ್ಟ ಏರಿಸಿದರೆ ಅಡಗಿದ್ದ ಗೋಡೆಯ ಮಾರ್ದನಿ, ಫ್ಯಾನಿನ ಗಾಳಿ ಎರಡೂ ಮುಂದೆ ಬರುತ್ತವೆ.

“ಅಮ್ಮನನ್ನು ಎಲ್ಲಿ ಕೂರಿಸಿ ರೆಕಾರ್ಡ್ ಮಾಡಲಿ?” ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹಣ ತೆಗೆದುಕೊಳ್ಳದೆ ಹೇಳುತ್ತೇನೆ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ತೆರೆದ ಬೀರು ಇರುವ ಮಲಗುವ ಕೋಣೆಯಲ್ಲಿ. ಫ್ಯಾನ್ ನಿಲ್ಲಿಸಿ. ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ, ತುಸು ಓರೆಯಾಗಿ. ಎಷ್ಟು ಜೋರಾಗಿ ಹಾಡಿದರೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಅಷ್ಟು ಮಟ್ಟ ಧಾರಾಳ. ಮಳೆ ನಿಂತ ಮೇಲೆ ಶುರುಮಾಡಿ.

ಆ ತಾಯಿ ಮತ್ತೊಮ್ಮೆ ಹಾಡಿದರು. ಈ ಸಲ ಕಂಪ್ರೆಸರ್‌ಗೆ ಎರಡು ಮೂರು ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸುವ ಕೆಲಸ ಇರಲಿಲ್ಲ.