ಅಸಿಟನಿಲೈಡ್ ಮಾಡುವ ದಿನ

ಹನ್ನೆರಡನೇ ತರಗತಿಯ ಲ್ಯಾಬಿನಲ್ಲಿ ಅಸಿಟನಿಲೈಡ್ ಎಂಬ ಬಿಳಿ ಹರಳಿನ ಸಾವಯವ ವಸ್ತುವನ್ನು ಮಾಡುವ ದಿನ ಮೊದಲು ನೋಡಬೇಕಾದದ್ದು ಅದರ ಮೂಲದ್ರವವಾದ ಅನಿಲೀನ್ ಬಾಟಲಿಯ ಬಣ್ಣ. ಬಹಳ ಕಾಲ ಕಪಾಟಿನಲ್ಲಿ ಕೂತದ್ದು ಗಾಳಿ ತಾಗಿ ಕಂದಾಗಿರುತ್ತದೆ. ಅದರಿಂದಲೂ ಕೆಲಸವಾಗುತ್ತದೆ, ಬಿಸಿಯಲ್ಲಿ ಇನ್ನಷ್ಟು ಉತ್ಕರ್ಷಣೆಯಾಗದಂತೆ ಚಿಟಿಕೆ ಸತುವಿನ ಪುಡಿ ಹಾಕಿದರೆ ಸಾಕು. ಕೈಗವಸು ಮಾತ್ರ ಬೇಕೇ ಬೇಕು. ಅನಿಲೀನ್ ಚರ್ಮದ ಮೂಲಕವೇ ಮೈಸೇರುವ ವಿಷ.

ತಯಾರಿಕೆ ಸುಲಭ. ಒಣಗಿದ 100 ಮಿ.ಲೀ. ದುಂಡು ತಳದ ಫ್ಲಾಸ್ಕಿಗೆ 5 ಮಿ.ಲೀ. ಅನಿಲೀನ್, ಅದಕ್ಕೆ ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಗ್ಲೇಷಿಯಲ್ (ನೀರಿಲ್ಲದ) ಅಸಿಟಿಕ್ ಆಮ್ಲ ತಲಾ 5 ಮಿ.ಲೀ. ಬೆರೆಸಿದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಬೇಕು, ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಒಳಗೆ. ಆವಿಯನ್ನು ತಣಿಸಿ ಮರಳಿಸುವ ಕಂಡೆನ್ಸರ್ ಜೋಡಿಸಿ 10–15 ನಿಮಿಷ ಮೆಲ್ಲಗೆ ಕುದಿಸಿ, ಸ್ವಲ್ಪ ಆರಿದ ಮೇಲೆ 150 ಮಿ.ಲೀ. ಐಸ್ ನೀರಿಗೆ ಕಲಕುತ್ತಾ ಸುರಿದರೆ ಬಿಳಿ ಪುಡಿ ಬೀಳುತ್ತದೆ.

ಸಿಗಬಹುದಾದ ಗರಿಷ್ಠ ಇಳುವರಿಯನ್ನು ಎಲ್ಲರೂ ಅನಿಲೀನಿನಿಂದ ಲೆಕ್ಕ ಹಾಕಿ 7.4 ಗ್ರಾಂ ಎನ್ನುತ್ತಾರೆ. 5 ಮಿ.ಲೀ. ಅನಿಲೀನ್ ಸುಮಾರು 0.055 ಮೋಲ್ (ಅಣುಗಳ ಎಣಿಕೆಯ ಮಾನ), ಅಷ್ಟೇ ಅಳತೆಯ ಅನ್‌ಹೈಡ್ರೈಡ್ 0.053 ಮೋಲ್. ಎರಡೂ ಒಂದು ಮೋಲಿಗೆ ಒಂದು ಮೋಲಿನಂತೆ ಕೂಡುವುದರಿಂದ ಮೊದಲು ಮುಗಿಯುವುದು ಅನ್‌ಹೈಡ್ರೈಡ್, ಹಾಗಾಗಿ ಲೆಕ್ಕ 7.15 ಗ್ರಾಂ ಹತ್ತಿರ ನಿಲ್ಲಬೇಕು.

ನಿಜವಾದ ಕೆಲಸ ಶುದ್ಧೀಕರಣದ್ದು: ಪುಡಿಯನ್ನು ಕುದಿನೀರಿನಲ್ಲಿ ಕರಗಿಸಿ, ತಣಿಸಿ ಮತ್ತೆ ಹರಳಾಗಿಸುವುದು. ಅಸಿಟನಿಲೈಡ್ 100 ಮಿ.ಲೀ. ಕುದಿಯುವ ನೀರಿನಲ್ಲಿ ಸುಮಾರು 5 ಗ್ರಾಂ ಕರಗುತ್ತದೆ, ತಣ್ಣೀರಿನಲ್ಲಿ ಅರ್ಧ ಗ್ರಾಂ ಮಾತ್ರ. ಐದು ಗ್ರಾಂ ಪುಡಿಗೆ 200 ಮಿ.ಲೀ. ನೀರು ಸುರಿದವರು ಒಂದು ಗ್ರಾಂ ಹರಳನ್ನು ಸಿಂಕಿಗೆ ಚೆಲ್ಲಿದಂತೆ. ನೀರು ಕಡಿಮೆಯಾದರೆ ತೊಂದರೆ ಬೇರೆ: ತಳದಲ್ಲಿ ಎಣ್ಣೆಯಂಥ ಹನಿಗಳು ಕೂರುತ್ತವೆ. ಅದು ಕಸವಲ್ಲ, ನೀರು ಹೀರಿ ಸುಮಾರು 83 ಡಿಗ್ರಿಗಿಂತ ಮೇಲೆ ದ್ರವವಾಗಿ ನಿಂತ ಅಸಿಟನಿಲೈಡ್. ಸೋಸಿ ಎಸೆಯಬಾರದು, ಹನಿ ಮಾಯವಾಗುವವರೆಗೆ ಕುದಿನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಬೇಕು.

ಬಣ್ಣವಿದ್ದರೆ ಸಕ್ರಿಯ ಇದ್ದಿಲ ಪುಡಿ ಚಿಟಿಕೆಯಷ್ಟು. ಕುದಿಯುತ್ತಿರುವಾಗ ಹಾಕಿದರೆ ದ್ರಾವಣ ಒಮ್ಮೆಲೇ ಉಕ್ಕಿ ಕೈಮೇಲೆ ಬರುತ್ತದೆ; ಉರಿಯಿಂದ ಇಳಿಸಿ, ಕುದಿ ನಿಂತ ಮೇಲೆ ಹಾಕಿ ಮತ್ತೆ ಕಾಯಿಸಬೇಕು. ಬಿಸಿಯಲ್ಲೇ ಸೋಸಲು ಮಡಿಕೆ ಹಾಕಿದ ಸೋಸುಕಾಗದ, ಕುದಿನೀರಿನಲ್ಲಿ ಬಿಸಿ ಮಾಡಿದ ಗಿಡ್ಡ ಕಾಲಿನ ಆಲಿಕೆ. ಉದ್ದ ಕಾಲಿನದಾದರೆ ಅದರೊಳಗೇ ಹರಳು ಕಟ್ಟಿ ದಾರಿ ಮುಚ್ಚುತ್ತದೆ.

ಇಲ್ಲಿಂದ ಮುಂದೆ ಬೀಕರನ್ನು ಮುಟ್ಟದೆ ಬಿಡುವುದೇ ಕೆಲಸ. ಗಡಿಬಿಡಿಯಲ್ಲಿ ಐಸಿನಲ್ಲಿಟ್ಟರೆ ಪುಡಿ ಬೀಳುತ್ತದೆ, ಕಶ್ಮಲವೂ ಜೊತೆಗೇ ಸಿಕ್ಕಿಕೊಳ್ಳುತ್ತದೆ. ತಾನಾಗಿ ತಣಿದರೆ ಹೊಳೆಯುವ ಚಪ್ಪಟೆ ಹರಳುಗಳು ಇಳಿಯುತ್ತವೆ. ಐಸ್ ಕೊನೆಗೆ ಸಾಕು. ಹರಳು ಹುಟ್ಟದಿದ್ದರೆ ಗಾಜಿನ ಕಡ್ಡಿಯಿಂದ ಬೀಕರಿನ ಒಳಗೋಡೆ ಕೆರೆದು ನೋಡಿ.

ಶುದ್ಧ ಹರಳು 114 ಡಿಗ್ರಿಗೆ ಕರಗುತ್ತದೆ. ಕ್ಯಾಪಿಲರಿಯಲ್ಲಿ (ಕರಗುವ ಬಿಂದು ನೋಡುವ ತೆಳು ಗಾಜಿನ ನಳಿಕೆ) ಅದಕ್ಕೂ ಮೊದಲೇ ಕುಗ್ಗಿ, ನಾಲ್ಕೈದು ಡಿಗ್ರಿ ಎಳೆದಾಡಿ ಕರಗಿದರೆ ಅಶುದ್ಧವೆಂದು ಆಗಲೇ ಬರೆಯಬೇಡಿ. ಬಹುಪಾಲು ಅದು ಒದ್ದೆಯಿರುತ್ತದೆ. ಸೋಸುಕಾಗದದ ನಡುವೆ ಒತ್ತಿ, ರಾತ್ರಿಯಿಡೀ ಒಣಗಿಸಿ, ಹೊಸ ಕ್ಯಾಪಿಲರಿಯಲ್ಲಿ ಮತ್ತೆ ನೋಡಿ.