ಅಕ್ಕಿ ತುಂಬಿದ ಫ್ರಿಜ್

"ಏನು ಇರಬಾರದು ಎಂದು ನೀನೇ ಹೇಳಿಬಿಡು ತಂಬಿ. ಅದನ್ನು ಇಲ್ಲ ಎನ್ನುತ್ತೇನೆ."

ಶ್ರೀಲಂಕಾದಿಂದ ಊರಿಗೆ ಮರಳಿ ಮೂರು ದಿನವಾಯಿತು. ಸುಳ್ಯದಲ್ಲಿ ಮಳೆ ಬಿಟ್ಟಿಲ್ಲ, ಅಲ್ಲಿಂದ ತಂದ ಒದ್ದೆ ಬಟ್ಟೆ ಇನ್ನೂ ಒಣಗಿಲ್ಲ. ಅನ್ನ ಬಸಿಯುವಾಗ, ಅಂಗಳ ಗುಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ ಈ ಒಂದು ಮಾತು ಬಂದು ಎದುರು ನಿಲ್ಲುತ್ತದೆ. ಹೇಳಿದವಳು ಜಗಳಕ್ಕೆ ಹೇಳಿದ್ದಲ್ಲ, ದನಿಯನ್ನೂ ಏರಿಸಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಬಳಿ ಇಳಿಯುವ ಜಾಗ ಕೇಳುವಷ್ಟು ಸಹಜವಾಗಿ ಕೇಳಿದ್ದಳು.

ರಬ್ಬರ್ ಕಾಲನಿಯ ಅಕ್ಕನಿಗೆ ಜೊತೆಯಾಗಿ ನಾನು ಹೋದದ್ದು. ಸುಳ್ಯ, ಪುತ್ತೂರು ಕಡೆಯವರಿಗೆ ಈ ಕಾಲನಿಗಳ ಕಥೆ ಗೊತ್ತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ ಸಿಂಹಳದ ಚಹಾ ತೋಟಗಳ ತಮಿಳರನ್ನು ಎರಡು ಸರ್ಕಾರಗಳು ಹಂಚಿಕೊಂಡವು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ, ಉಳಿದವರ ಲೆಕ್ಕ ಆಮೇಲೆ. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ನಮ್ಮ ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅಕ್ಕ ಬಂದದ್ದು 1977ರಲ್ಲಿ. ಮದುವೆಯಾಗಿ ಆರು ತಿಂಗಳು, ವಯಸ್ಸು ಹದಿನೆಂಟು. ಗಂಡನ ಮನೆಯವರೊಂದಿಗೆ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಇಳಿದಳು. ಅಪ್ಪ, ಅಮ್ಮ, ಹತ್ತು ವರ್ಷದ ತಂಗಿ ಆಚೆಯ ಲೆಕ್ಕದಲ್ಲಿ ಉಳಿದರು. ರಜೆಯ ದಿನಗಳಲ್ಲಿ ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು ಬರುತ್ತಿದ್ದ ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಐವತ್ತರ ಹೊಸ್ತಿಲಲ್ಲಿರುವ ನನ್ನನ್ನು ಇಂದಿಗೂ "ಪಾಪಾ" ಎಂದೇ ಕರೆಯುತ್ತಾಳೆ.

ನಲವತ್ತೆಂಟು ವರ್ಷಗಳ ಮೇಲೆ ಚಹಾ ಬೆಟ್ಟಗಳ ನಡುವಿನ ಹ್ಯಾಟನ್ ಬಳಿ, ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಆ ಲೈನ್ ಮನೆಯ ಬಾಗಿಲಲ್ಲಿ ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಕಂಡ ಗಳಿಗೆಯನ್ನು ನಾನು ಬರೆಯುವುದಿಲ್ಲ. ಅದು ಅವರಿಬ್ಬರದು.

ನಾನು ಬರೆಯಬೇಕೆಂದಿರುವುದು ಮೂರನೆಯ ದಿನದ ಬೆಳಿಗ್ಗೆಯನ್ನು. ಬಡವರಿಗೆ ಸರ್ಕಾರ ಹಣ ಕೊಡುವ ಅಸ್ವೆಸುಮ ಯೋಜನೆಯ ಮಾಹಿತಿ ನೋಡಲು ಕಚೇರಿಯಿಂದ ಒಬ್ಬ ಹುಡುಗ ಬರುತ್ತಾನೆ ಎಂಬ ಸುದ್ದಿ ಹಿಂದಿನ ರಾತ್ರಿಯೇ ಲೈನಿನ ಹನ್ನೆರಡೂ ಮನೆಗಳಿಗೆ ಹರಡಿತ್ತು. ಅಸ್ವೆಸುಮ ಎಂದರೆ ಸಿಂಹಳ ಭಾಷೆಯಲ್ಲಿ ಸಾಂತ್ವನ. ನನ್ನ ಕಿವಿಗೆ ಅದು ಮೊದಲು ಬಿದ್ದಾಗ ನಮ್ಮ "ಆಶ್ವಾಸನೆ"ಯೇ ಬೇರೆ ಉಡುಪು ತೊಟ್ಟು ಬಂದಂತೆ ಕೇಳಿಸಿತು. 2022ರ ಏಪ್ರಿಲ್‌ನಲ್ಲಿ ಆ ದೇಶ ಹೊರಗಿನ ಸಾಲ ತೀರಿಸಲಾಗದೆ ಕೈಚೆಲ್ಲಿತು, ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು, ಆ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ 69.8 ಶೇಕಡಾ ಮುಟ್ಟಿತು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಮಂಜೂರಾದಾಗ, ಬಡವರಿಗಾಗಿ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ಗುರಿಯೂ ಅದರ ಜೊತೆಗಿತ್ತು. ಆ ಜುಲೈನಿಂದ ಶುರುವಾದದ್ದು ಅಸ್ವೆಸುಮ. ಕಡುಬಡವರ ಕುಟುಂಬಕ್ಕೆ ತಿಂಗಳಿಗೆ 15,000, ಬಡವರ ಕುಟುಂಬಕ್ಕೆ 8,500, ಅದಕ್ಕೂ ಮೇಲಿನ ಎರಡು ವರ್ಗಗಳಿಗೆ ಇನ್ನೂ ಕಡಿಮೆ, ಅದೂ ಸ್ವಲ್ಪ ಕಾಲದವರೆಗೆ. 2025ರ ಜನವರಿಯಿಂದ ಮೊದಲ ಎರಡು ಮೊತ್ತಗಳು 17,500 ಮತ್ತು 10,000 ಆಗಿವೆ. ತಂಗಿಯ ಕುಟುಂಬ ಎರಡನೆಯದರಲ್ಲಿದೆ. ಆ ಹತ್ತು ಸಾವಿರ ನಮ್ಮ ಹಣದಲ್ಲಿ ಸುಮಾರು ಮೂರು ಸಾವಿರ.

ಹುಡುಗ ಒಂಬತ್ತು ಗಂಟೆಗೆ ಬಂದ. ಇಪ್ಪತ್ತೈದು ವರ್ಷವಿರಬಹುದು. ಮಳೆಯಲ್ಲಿ ಮೊಣಕಾಲವರೆಗೆ ಕೆಸರು. ಹೊಸ್ತಿಲಲ್ಲೇ ಶೂ ಬಿಚ್ಚಿದ, ಕಾಲಿಗೆ ಹತ್ತಿದ್ದ ಇಂಬಳವನ್ನು ಕಿತ್ತು ಹೊರಗೆ ಎಸೆದ, ರಕ್ತ ಒರೆಸಿಕೊಳ್ಳುತ್ತಲೇ ತಮಿಳಿನಲ್ಲಿ ಕೇಳತೊಡಗಿದ. ಅವನನ್ನು ನಾನು ಮೆಚ್ಚಿದೆ. ಸರ್ಕಾರದ ಕಾಗದ ಹಿಡಿದು ಬಡವರ ಮನೆಗೆ ಬರುವವರು ಶೂ ಬಿಚ್ಚುವುದನ್ನು ನಾನು ಹೆಚ್ಚು ನೋಡಿಲ್ಲ.

"ಗೋಡೆ?"

"ಕಲ್ಲು."

"ನೆಲ?"

"ಸಿಮೆಂಟು."

"ಮನೆ ಸ್ವಂತದ್ದೇ?"

"ತೋಟದ್ದು ತಂಬಿ. ದೊರೈ ಬಿಡು ಎಂದರೆ ಬಿಡಬೇಕು."

ಆ ಗೋಡೆಯನ್ನು ನಾನು ಮುಟ್ಟಿ ನೋಡಿದ್ದೆ. ಬ್ರಿಟಿಷರ ಕಾಲದ ಕಲ್ಲು, ಒಂದೂವರೆ ಅಡಿ ದಪ್ಪ, ಇನ್ನೂ ನೂರು ವರ್ಷ ಅಲುಗದು. ಆದರೆ ಅದರ ಒಂದು ಕಲ್ಲೂ ಇವಳದಲ್ಲ. ಇವಳ ಅಜ್ಜಿ ಅದರೊಳಗೆ ಹೆತ್ತಳು, ಅಮ್ಮ ಅದರೊಳಗೆ ಸತ್ತಳು. ಇವಳು ಮೂವತ್ತೆಂಟು ವರ್ಷ ಕೊಳುಂದು, ಎಂದರೆ ಚಹಾ ಚಿಗುರು, ಕೊಯ್ದು ಈಗ ಮನೆಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳುತ್ತಾಳೆ. ಈಗ ಬೆಟ್ಟ ಹತ್ತುವುದು ಸೊಸೆ. 2025ರಲ್ಲಿ ಅವಳ ದಿನಗೂಲಿ 1,350 ಲಂಕಾ ರೂಪಾಯಿ. ಕೆಲಸವಿದ್ದ ದಿನ, ಹೇಳಿದಷ್ಟು ಕಿಲೋ ತುಂಬಿದರೆ. ಗಟ್ಟಿ ಗೋಡೆಯ ಮನೆಯಲ್ಲಿ ಇರುವವರು ಗಟ್ಟಿ ಕುಳಗಳು ಎಂದು ತಿಳಿಯುವ ಯಾವ ಲೆಕ್ಕಕ್ಕೂ ಲೈನ್ ಮನೆ ಅರ್ಥವಾಗುವುದಿಲ್ಲ.

ಆಮೇಲೆ ಹುಡುಗನ ಕಣ್ಣು ಮೂಲೆಯಲ್ಲಿದ್ದ ಫ್ರಿಜ್ ಮೇಲೆ ಹೋಯಿತು. ತಿಳಿನೀಲಿ ಬಣ್ಣದ ಹಳೆಯ ಫ್ರಿಜ್. ಮಗಳು ಕೊಲಂಬೊದಲ್ಲಿ ಮನೆಗೆಲಸಕ್ಕಿದ್ದಾಳೆ. ಆ ಮನೆಯವರು ಹೊಸದು ಕೊಂಡಾಗ ಕೆಟ್ಟದ್ದನ್ನು ಇವಳಿಗೆ ಕೊಟ್ಟರು. ತರಕಾರಿ ಇಳಿಸಿ ಖಾಲಿಯಾಗಿ ಬೆಟ್ಟಕ್ಕೆ ಮರಳುತ್ತಿದ್ದ ಲಾರಿಯಲ್ಲಿ ಅದು ಬಂತು. ಫ್ರಿಜ್ ಇದ್ದರೆ ದುಡ್ಡು ನಿಲ್ಲುತ್ತದೆ ಎಂಬ ಮಾತು ಲೈನ್ ತುಂಬ ಓಡಾಡುತ್ತಿತ್ತು. ಪಕ್ಕದ ಮನೆಯಾಕೆ ಮುಂಜಾನೆಯೇ ತನ್ನ ಮಿಕ್ಸಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಕಟ್ಟಿಗೆಯ ರಾಶಿಯ ಹಿಂದೆ ಇಟ್ಟಿದ್ದಳು. ಅವಳನ್ನು ತಪ್ಪಿತಸ್ಥೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಫ್ರಿಜ್ ಅನ್ನು ಮಾತ್ರ ಯಾರೂ ಸೀರೆಯಲ್ಲಿ ಸುತ್ತಲಾಗದು.

"ಇದು?" ಎಂದ ಹುಡುಗ.

ಆಗಲೇ ತಂಗಿ ಆ ಮಾತು ಹೇಳಿದ್ದು. ಏನು ಇರಬಾರದು ಎಂದು ನೀನೇ ಹೇಳಿಬಿಡು ತಂಬಿ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಲ್ಲ ಅಮ್ಮ. ಇರುವುದನ್ನು ಹೇಳಿ, ಸಾಕು" ಎಂದ. ಅವಳು ಎದ್ದು ಹೋಗಿ, ಬಾಗಿಲಿಗೆ ಬಿಗಿದಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸರಿಸಿ ಫ್ರಿಜ್ ತೆರೆದಳು. ಕೆಳಗೆ ಅಕ್ಕಿಯ ಚೀಲ. ಅದರ ಮೇಲೆ ಡಬ್ಬಿಯಲ್ಲಿ ಗೋಧಿಹಿಟ್ಟು. ಮೊಟ್ಟೆ ಇಡುವ ಕುಳಿಗಳಲ್ಲಿ ಬೆಳ್ಳುಳ್ಳಿ, ಒಂದು ಬಲ್ಬು, ಬೆಂಕಿಪೆಟ್ಟಿಗೆ. ಮೇಲಿನ ಅಂಕಣದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬ್ಯಾಂಕಿನ ಪುಸ್ತಕ, ಮೊಮ್ಮಗನ ಜನನ ಪತ್ರ, ಅಸ್ವೆಸುಮದ ಕಾಗದ. "ಇಲಿ ತಂಬಿ" ಎಂದಳು, "ಬೇರೆ ಯಾವುದಕ್ಕೂ ಹಲ್ಲು ಹಾಕುತ್ತವೆ. ಇದಕ್ಕೆ ಆಗುವುದಿಲ್ಲ." ಅದರ ವೈರು ಎಲ್ಲಿ ಎಂದು ಹುಡುಗ ಕೇಳಿದ. ಅವಳು ಮೇಲೆ ಕೈ ತೋರಿಸಿದಳು. ಗಾಳಿಗೆ ಹಾರದಂತೆ ಸೂರಿನ ತಗಡನ್ನು ತೊಲೆಗೆ ಬಿಗಿದಿದ್ದದ್ದು ಅದೇ ವೈರು.

ಹುಡುಗ ಮೊಬೈಲ್‌ನಲ್ಲಿ ಏನನ್ನೋ ಒತ್ತಿದ. ಹೊರದೇಶದಿಂದ ಹಣ ಬರುತ್ತದೆಯೇ ಎಂದು ಕೇಳಿದ. ಇಲ್ಲ ಎಂದಳು. ಸಕ್ಕರೆ ಹಾಕದ ಚಹಾ ಕುಡಿದು, ಶೂ ಕೈಯಲ್ಲೇ ಹಿಡಿದು ಮುಂದಿನ ಮನೆಗೆ ಹೋದ.

ಇಷ್ಟೇ ನಡೆದದ್ದು. ಯಾರೂ ಯಾರನ್ನೂ ಬೈಯಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಆದರೂ ನನ್ನ ಮೈಯೆಲ್ಲ ಬಿಸಿಯಾಗಿತ್ತು. ಐವತ್ತೆಂಟು ವರ್ಷದ ಹೆಂಗಸು ತನ್ನ ಬೆಳ್ಳುಳ್ಳಿಯನ್ನೂ ಬೆಂಕಿಪೆಟ್ಟಿಗೆಯನ್ನೂ ತೆರೆದು ತೋರಿಸಿ, ನೋಡು, ನಾನು ನಿಜವಾಗಿಯೂ ಬಡವಳು ಎನ್ನಬೇಕಾಯಿತು. ಅಕ್ಕನ ಮುಂದೆ. ನಲವತ್ತೆಂಟು ವರ್ಷಗಳ ಮೇಲೆ ಬಂದ ಅಕ್ಕನ ಮುಂದೆ, ಗುರುತಿಲ್ಲದ ನನ್ನ ಮುಂದೆ.

ಲೆಕ್ಕ ಬೇಡವೇ ಎಂದು ಕೇಳಿದರೆ ಬೇಕು ಎಂದೇ ಹೇಳುತ್ತೇನೆ. ಅಸ್ವೆಸುಮಕ್ಕೆ ಮೊದಲು ಸಮೃದ್ಧಿ ಎಂಬ ಯೋಜನೆ ಇತ್ತು, 1995ರಿಂದ. ಪಟ್ಟಿಗೆ ಹೆಸರು ಸೇರಲು ಪಕ್ಷದವರ ಪರಿಚಯ ಬೇಕು ಎಂಬುದು ಅದರ ಮೇಲಿದ್ದ ದೊಡ್ಡ ದೂರು. ಇದ್ದವರಿಗೂ ಸಿಗುತ್ತಿತ್ತು, ಇಲ್ಲದವರು ಹೊರಗೆ ಉಳಿಯುತ್ತಿದ್ದರು. ಅದನ್ನು ಸರಿಮಾಡಲೆಂದೇ ಮನೆ, ಆಸ್ತಿ, ಓದು, ಆರೋಗ್ಯ, ಸಂಪಾದನೆ, ಕುಟುಂಬದ ಸ್ಥಿತಿ ಎಂದು ಆರು ಭಾಗ ಮಾಡಿ 22 ಗುರುತುಗಳನ್ನು ಇಟ್ಟುಕೊಂಡು ಅಂಕ ಹಾಕುವ ಪದ್ಧತಿ ಬಂತು. ಸುಮಾರು 37 ಲಕ್ಷ ಅರ್ಜಿಗಳು ಬಂದವು. ಮೊದಲಿಗೆ ಜಾಗ ಇದ್ದದ್ದು 20 ಲಕ್ಷ ಕುಟುಂಬಗಳಿಗೆ. ಪಟ್ಟಿ ಹೊರಬಿದ್ದ ಕೂಡಲೇ ಲಕ್ಷಗಟ್ಟಲೆ ಮೇಲ್ಮನವಿಗಳು. ಪಕ್ಷದ ಪುಢಾರಿಯ ಕೈಯಿಂದ ಪಟ್ಟಿಯನ್ನು ಕಿತ್ತುಕೊಂಡದ್ದು ಒಳ್ಳೆಯದೇ. ಆದರೆ ಪುಢಾರಿ ಯಾಕೆ ಕೊಡಲಿಲ್ಲ ಎಂಬುದು ಊರಿಗೆ ತಿಳಿದಿರುತ್ತಿತ್ತು. ಯಾವ ವಸ್ತುವಿಗೆ ಎಷ್ಟು ತೂಕ ಎಂಬುದು ಈ ಲೈನಿನಲ್ಲಿ ಒಬ್ಬರಿಗೂ ತಿಳಿಯದು. ತಿಳಿಯದ ಕಡೆ ಭಯ ಬೆಳೆಯುತ್ತದೆ, ಮಿಕ್ಸಿ ಕಟ್ಟಿಗೆಯ ಹಿಂದೆ ಹೋಗುತ್ತದೆ, ಪಕ್ಕದ ಮನೆಯವರ ಮೇಲೆ ಸಂಶಯ ಹುಟ್ಟುತ್ತದೆ.

ಇನ್ನೊಂದು ಮಾತು. ಬಿಕ್ಕಟ್ಟು ಬಂದದ್ದು ಇವರಿಂದಲ್ಲ. ಡಾಲರಿನಲ್ಲಿ ಸಾಲ ತಂದವರು ಇವರಲ್ಲ, 2019ರ ಕೊನೆಯಲ್ಲಿ ತೆರಿಗೆ ಇಳಿಸಿದವರು ಇವರಲ್ಲ, 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದವರೂ ಇವರಲ್ಲ. ಗೊಬ್ಬರವಿಲ್ಲದೆ ಚಿಗುರು ಕಡಿಮೆಯಾದಾಗ ಕೆಲಸದ ದಿನಗಳು ಕಡಿಮೆಯಾದದ್ದು ಮಾತ್ರ ಇವರಿಗೆ. 2022ರಲ್ಲಿ ರೊಟ್ಟಿಯ ಹಿಟ್ಟಿನ ಬೆಲೆ ಏರಿದಾಗ ಸೊಸೆ ಮಧ್ಯಾಹ್ನದ ಬುತ್ತಿ ಬಿಟ್ಟಳಂತೆ. ಇದನ್ನು ತಂಗಿ ಹೇಳಿದಳೇ ಹೊರತು ಸೊಸೆ ಹೇಳಲಿಲ್ಲ. ಆ ಹುಡುಗಿ ನಾವಿದ್ದ ಐದು ದಿನಗಳಲ್ಲಿ ಹತ್ತು ಮಾತು ಆಡಿರಲಾರಳು. ಸಂಜೆ ಬಂದು ಬೆರಳಿನ ಕರೆಯನ್ನು ನಿಂಬೆಯಿಂದ ತಿಕ್ಕುತ್ತಾ ಕೂರುತ್ತಿದ್ದಳು.

ಮರಳುವಾಗ ವ್ಯಾನಿನಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಸಭ್ಯ ಗೃಹಸ್ಥರು, ಹೀಗೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದರು. ಇದೇ ಮಾತನ್ನು ನಾನು ಸುಳ್ಯದ ಮದುವೆ ಮನೆಗಳಲ್ಲಿ ಕೇಳಿದ್ದೇನೆ, "ಬಿಟ್ಟಿ ಭಾಗ್ಯ" ಎಂಬ ಹೆಸರಿಟ್ಟು. ಹೇಳುವವರು ಯಾವಾಗಲೂ ಊಟ ಮುಗಿಸಿ ಕೈ ತೊಳೆದವರೇ. ತಿಂಗಳಿಗೆ ಹತ್ತು ಸಾವಿರ ಲಂಕಾ ರೂಪಾಯಿ ಎಂದರೆ ಸೊಸೆಯ ಎಂಟು ದಿನದ ಕೂಲಿಯೂ ಪೂರ್ತಿ ಆಗುವುದಿಲ್ಲ. ಉಳಿದ ದಿನಗಳಲ್ಲಿ ಆಕೆ ಇಂಬಳದ ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾಳೆಯೇ? ನಾನು ಅವರಿಗೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು.

ಆ ಬೆಳಿಗ್ಗೆ ಹುಡುಗ ಹೋದ ಮೇಲೆ ಅಕ್ಕ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ, "ಪಾಪಾ, ನಮ್ಮ ಊರಿನಲ್ಲಿ ನನ್ನ ಅಡುಗೆಮನೆಗೆ ಯಾರೂ ಬರಲಿಲ್ಲ ಅಲ್ಲವೇ?" ಎಂದಳು. ಗೃಹಲಕ್ಷ್ಮಿಯ ಮಾತು. ಅದೂ ಅದೇ 2023ರಲ್ಲಿ, ಅಸ್ವೆಸುಮ ಶುರುವಾದ ಮರುತಿಂಗಳು, ಆಗಸ್ಟ್ ಕೊನೆಯಲ್ಲಿ ಬಂದದ್ದು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರಬೇಕು, ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ಅಕ್ಕ ಒಂದು ದಿನ ಸರದಿಯಲ್ಲಿ ನಿಂತಳು, ಬೆರಳು ಒತ್ತಿದಳು, ಎರಡು ಸಾವಿರ ಬರತೊಡಗಿತು. ಕಂತುಗಳು ತಿಂಗಳುಗಟ್ಟಲೆ ತಡವಾದಾಗ ಅವಳೂ ಬ್ಯಾಂಕಿಗೆ ಅಲೆದಿದ್ದಾಳೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಅವಳ ಡಬ್ಬಿಗಳ ಮುಚ್ಚಳವನ್ನು ಯಾರೂ ತೆಗೆಸಲಿಲ್ಲ. ಹೆಚ್ಚು ಮಂದಿಗೆ ಕೊಟ್ಟರೆ ಹಣ ಸಾಲದು ಎನ್ನುತ್ತಾರೆ. ದಿವಾಳಿಯ ಅಂಚಿಗೆ ಹೋಗಿ ಬಂದ ದೇಶಕ್ಕೆ ಆ ಮಾತು ನಿಜ ಎಂದು ನನಗೂ ಗೊತ್ತು. ಆದರೂ ಸಾಲದ ಹಣವನ್ನು ಉಳಿಸುವ ಭಾರವನ್ನು ಒಬ್ಬ ಮುದುಕಿಯ ಮಾನದ ಮೇಲೆ ಹೊರಿಸುವುದು ನನಗೆ ಸಹಿಸಲಾಗುತ್ತಿಲ್ಲ.

ಒಂದೇ ತಾಯಿಯ ಮಕ್ಕಳು. 1964ರಲ್ಲಿ ಯಾರೋ ಎಳೆದ ಗೆರೆಯ ಈಚೆ ಒಬ್ಬಳು, ಆಚೆ ಒಬ್ಬಳು.

ಹೊರಡುವ ದಿನ ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಗೃಹಲಕ್ಷ್ಮಿಯ ಮೂರು ಕಂತು ಕೂಡಿಟ್ಟಿದ್ದಳು, ಆರು ಸಾವಿರ. ಕೊಲಂಬೊದಲ್ಲಿ ನಾನೇ ಅದನ್ನು ಬದಲಾಯಿಸಿ ಕೊಟ್ಟಿದ್ದೆ, ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚಾಗಿತ್ತು. ತಂಗಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ತಂಗಿ ಬೇಡ ಎನ್ನಲಿಲ್ಲ. ಫ್ರಿಜ್ ತೆರೆದು, ಅಕ್ಕಿಯ ಚೀಲದೊಳಗೆ ಮೊಣಕೈಯವರೆಗೆ ಕೈ ಇಳಿಸಿ ಹಣವನ್ನು ಹೂತಿಟ್ಟಳು. ಮೇಲಿನ ಅಕ್ಕಿಯನ್ನು ಸಮ ಮಾಡಿದಳು. ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಅಕ್ಕನ ಕಡೆ ತಿರುಗಿದಳು.

"ಆ ಹುಡುಗ ಮತ್ತೆ ಬಂದರೆ," ಎಂದಳು, "ಇದನ್ನೂ ಹೇಳಬೇಕಾ ಅಕ್ಕಾ?"