ಒಂದು ಬೀಚು, ಮೂರು ಹೆಸರು, ನನ್ನ ಎರಡು ತಪ್ಪು

ಬೆಂಗಳೂರಿನಲ್ಲಿ ಕೂತು ಬೇರೆ ದೇಶಗಳ ಡಿಜಿಟಲ್ ಮ್ಯಾಪ್ ತಿದ್ದುವುದು ನನ್ನ ಕೆಲಸ. ಒಂದು ದಿನ ಐರ್ಲೆಂಡಿನ ಕೆರ್ರಿ ಕೌಂಟಿಯ ಟಿಕೆಟ್, ಅಂದರೆ ತಿದ್ದಬೇಕಾದ ಕೆಲಸದ ಚೀಟಿ, ಬಂತು. ಡಿಂಗಲ್ ಊರಿನಿಂದ ಪಶ್ಚಿಮಕ್ಕೆ ಒಂದು ಕೊಲ್ಲಿ, ಅದರ ಅಂಚಿಗೆ ಮರಳಿನ ಬೀಚು. ಹೆಸರು ಮೂರು: ವೆಂಟ್ರಿ, ಕ್ಯೌನ್ ಟ್ರಾ, ಫ್ಯೂನ್‌ಟ್ರಾ.

ಮೊದಲನೆಯದು ಇಂಗ್ಲಿಷ್. ಎರಡನೆಯದು ಐರಿಷ್, ಅಧಿಕೃತ ಹೆಸರು. ಅದು ಐರಿಷ್ ಮಾತಾಡುವ ಸೀಮೆ. 2005ರಿಂದ ಅಲ್ಲಿ ಸರ್ಕಾರಿ ಮ್ಯಾಪು, ರಸ್ತೆ ಬೋರ್ಡುಗಳಲ್ಲಿ ಇಂಗ್ಲಿಷ್ ಹೆಸರಿಗೆ ಜಾಗ ಇಲ್ಲ. ಮೂರನೆಯದು ಯಾರೋ ತಪ್ಪಾಗಿ ಟೈಪ್ ಮಾಡಿದ್ದು ಅಂದುಕೊಂಡು ಡಿಲೀಟ್ ಒತ್ತಿದೆ.

ಮರುದಿನ ಟಿಕೆಟ್ ವಾಪಸ್ ಬಂತು. 'ಊರಿನವರು ಹೇಳುವುದೇ ಫ್ಯೂನ್‌ಟ್ರಾ' ಅಂತ ರಿವ್ಯೂ ಮಾಡುವವರು ಬರೆದಿದ್ದರು. ಬಾಯಲ್ಲಿ ನಾಲ್ಕು ಸಲ ಹೇಳಿ ನೋಡಿದೆ. ಫ್ಯೂನ್‌ಟ್ರಾ, ವೆಂಟ್ರಿ. ಇಂಗ್ಲಿಷ್ ಹೆಸರು ಹುಟ್ಟಿದ್ದೇ ಇದರಿಂದ! ನಾನು ಸುಮ್ನೆ ಬೇರನ್ನೇ ಕಿತ್ತುಹಾಕಿದ್ದೆ. ನಾನು ಮಂಗಳೂರಿನವನು ಬೇರೆ. ನಾಳೆ ಯಾರಾದರೂ ಮ್ಯಾಪಿನಿಂದ 'ಕುಡ್ಲ' ಅಳಿಸಿದರೆ ಬಿಡುತ್ತೇನಾ?

ಹೆಸರು ವಾಪಸ್ ಹಾಕಿದೆ. ಆಮೇಲೆ ಸ್ವಲ್ಪ ಜಾಸ್ತಿಯೇ ಉತ್ಸಾಹ ಬಂತು. ಓದುತ್ತಾ ಹೋದರೆ ಒಳ್ಳೆ ಕಥೆ ಸಿಕ್ಕಿತು. ಲೋಕದ ದೊರೆ ಡಾರೆ ಡಾನ್ ಹಡಗುಗಳ ದಂಡು ಕಟ್ಟಿಕೊಂಡು ಇದೇ ಕೊಲ್ಲಿಗೆ ಬರುತ್ತಾನೆ. ಐರಿಷ್ ದಂತಕಥೆಗಳ ವೀರ ಫ್ಯೂನ್ ಮಕ್ ಕೂಲ್ ಮತ್ತು ಅವನ ಫಿಯಾನಾ ಪಡೆ ಆ ದೊರೆಯನ್ನು ಎದುರಿಸುತ್ತಾರೆ. ಕಾದಾಟ ನಡೆಯುವುದು ಒಂದು ವರ್ಷ, ಮೇಲೊಂದು ದಿನ! 15ನೇ ಶತಮಾನದ ಹಸ್ತಪ್ರತಿಯಲ್ಲೇ ಈ ಕಥೆ ಇದೆ. ಖುಷಿಯಾಗಿ 'ಅರ್ಥ' ಎಂಬ ಕಾಲಮ್ಮಿನಲ್ಲಿ 'ಫ್ಯೂನ್ ಎಂಬ ವೀರನ ತೀರ' ಅಂತ ತುಂಬಿದೆ.

ಮತ್ತೆ ವಾಪಸ್. ಐರಿಷಿನಲ್ಲಿ ಫ್ಯೂನ್ ಅಂದರೆ ಬಿಳಿ, ಟ್ರಾ ಅಂದರೆ ಕಡಲತೀರ. ಬಿಳಿ ಮರಳಿನ ತೀರ, ಅಷ್ಟೇ. ಆ ವೀರನ ಹುಟ್ಟುಹೆಸರು ಡೆಮ್ನ. ಕೂದಲು ಬೆಳ್ಳಗಿದ್ದಿದ್ದಕ್ಕೆ ಅವನಿಗೂ ಫ್ಯೂನ್ ಅಂತ ಹೆಸರು ಬಿತ್ತಂತೆ. ಅಂದರೆ ಬೀಚಿಗೂ ಅವನಿಗೂ ಒಂದೇ ಬಣ್ಣದ ನಂಟು. ಕ್ಯೌನ್ ಟ್ರಾಗೆ 'ತೀರದ ತಲೆ' ಎಂಬ ಅರ್ಥ, ಅದರಲ್ಲಿ ಗೊಂದಲವೇ ಇಲ್ಲ.

ಮೊದಲ ಸಲ ಊರಿನವರ ಮಾತನ್ನು ನಂಬಲಿಲ್ಲ, ಎರಡನೇ ಸಲ ಕಥೆಯನ್ನು ಪೂರ್ತಿ ನಂಬಿಬಿಟ್ಟೆ. ಈಗ ಮೂರೂ ಹೆಸರು ಮ್ಯಾಪಿನಲ್ಲಿವೆ. ಕಥೆ ವಿವರಣೆಯ ಕಾಲಮ್ಮಿಗೆ ಹೋಯಿತು, ಕೊನೆಗೆ ಒಂದು 'ಅಂತೆ' ಸೇರಿಸಿದ್ದೇನೆ.

ಅದೇ ವಾರ ಅದೇ ಕೌಂಟಿಯ ಇನ್ನೊಂದು ಬೀಚಿನ ಟಿಕೆಟ್ ಬಂತು. ಉದ್ದ ಸುಮಾರು 5 ಕಿಲೋಮೀಟರ್, ಹೆಸರು 'ಇಂಚ್'. ನಗು ಬಂತು. ಆದರೆ ಕೀಬೋರ್ಡಿನಿಂದ ಕೈ ತೆಗೆದು, ಮೊದಲು ಅದರ ಐರಿಷ್ ಹೆಸರು ಹುಡುಕಿದೆ. 'ಇನ್ಶೆ' ಅಂತೆ, ನೀರಿನ ಪಕ್ಕದ ಹುಲ್ಲುಗಾವಲು.